ಸಸ್ಪೆನ್ಷನ್ ಬದಲಿಸಿದ ಮೇಲೆ ಕಾರು ವಾಲಿ ನಿಂತರೆ: ಕಾರಣ ಹುಡುಕುವ ಕ್ರಮ

ಮಳೆಗಾಲ ಕಳೆದು ರಸ್ತೆಯ ಗುಂಡಿಗಳ ಲೆಕ್ಕ ಸಿಗುವ ಹೊತ್ತಿಗೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಗಾಡಿಗಳು ಲೋವರ್ ಆರ್ಮ್ (ಚಕ್ರವನ್ನು ಬಾಡಿಗೆ ಹಿಡಿದಿಡುವ ಕೆಳಗಿನ ತೋಳು), ಬುಷ್ (ಅದರ ಕೀಲಿನ ರಬ್ಬರ್), ಶಾಕ್ ಅಬ್ಸಾರ್ಬರ್ ಬದಲಿಸಿಕೊಳ್ಳಲು ಗ್ಯಾರೇಜಿನ ಮುಂದೆ ಸಾಲುಗಟ್ಟುತ್ತವೆ. ಕೆಲಸ ಮುಗಿಸಿ ಜಾಕ್ ಇಳಿಸಿದರೆ ಕೆಲವು ಕಾರು ಮೂತಿ ಎತ್ತಿಕೊಂಡು ನಿಲ್ಲುತ್ತವೆ, ಕೆಲವು ಒಂದು ಮಗ್ಗುಲಿಗೆ ಎರಡು ಬೆರಳು ತಗ್ಗಿರುತ್ತವೆ. ಆಗ ಸಿಗುವ ಉತ್ತರ ಬಹುತೇಕ ಒಂದೇ: “ನಾಲ್ಕು ದಿನ ಓಡ್ಸಿ ಸಾರ್, ತಾನಾಗೇ ಕೂತ್ಕೊಳುತ್ತೆ.” ಇದರಲ್ಲಿ ಅರ್ಧ ಮಾತ್ರ ನಿಜ. ಟೈರು ನೆಲಕ್ಕೆ ತಾಗಿದ ಮೊದಲ ಹತ್ತಿಪ್ಪತ್ತು ಮೀಟರಿನಲ್ಲಿ ಕೂರಬೇಕಾದ್ದು ಕೂರುತ್ತದೆ. ಹೊಸ ಸ್ಪ್ರಿಂಗ್ ಆಮೇಲೆ ಇನ್ನಷ್ಟು ಇಳಿದರೂ ಅದು ಕೆಲವೇ ಮಿ.ಮೀ. ಅದಕ್ಕಿಂತ ಹೆಚ್ಚು ಇಳಿಯಿತು ಎಂದರೆ ಎಲ್ಲೋ ಒಂದು ಬುಷ್ಷಿನ ರಬ್ಬರ್ ಹರಿಯುತ್ತಿದೆ ಎಂದು ಅನುಮಾನಿಸಬೇಕು.

ಹುಡುಕಾಟಕ್ಕೆ ಮೊದಲು ಒಂದು ವಿಷಯ ತಲೆಯಲ್ಲಿರಲಿ. ಗಾಡಿಯ ಭಾರ ಹೊರುವುದು ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಅಲ್ಲ. ಶಾಕ್ ಎಷ್ಟೇ ಹಾಳಾಗಿ ಎಣ್ಣೆ ಸೋರುತ್ತಿದ್ದರೂ ಅದರಿಂದ ಗಾಡಿ ಒಂದಿಂಚು ತಗ್ಗುವುದಿಲ್ಲ. ಹೊಸದು ಹಾಕಿದರೆ ಒಂದಿಂಚು ಏಳುವುದೂ ಇಲ್ಲ. ಗ್ಯಾಸ್ ತುಂಬಿದ ಶಾಕ್ ಸ್ವಲ್ಪ ಎತ್ತುತ್ತದೆ, ಅದನ್ನು ಲೆಕ್ಕ ಹಾಕಿಯೇ ನೋಡಬಹುದು. ರಾಡಿನ ದಪ್ಪ 20 ಮಿ.ಮೀ. ಇದ್ದು ಒಳಗಿನ ಗ್ಯಾಸ್ ಒತ್ತಡ 4 ಬಾರ್ ಇದ್ದರೆ ಅದು ರಾಡನ್ನು ಸುಮಾರು 13 ಕೆ.ಜಿ. ಬಲದಿಂದ ಹೊರಗೆ ತಳ್ಳುತ್ತದೆ. ಚಿಕ್ಕ ಕಾರಿನ ಮುಂದಿನ ಸ್ಪ್ರಿಂಗ್ 1 ಮಿ.ಮೀ. ಕುಗ್ಗಲು ಸುಮಾರು 2 ಕೆ.ಜಿ. ಬೇಕು ಎಂದಿಟ್ಟುಕೊಂಡರೆ ಎತ್ತರದ ವ್ಯತ್ಯಾಸ 6 ಮಿ.ಮೀ. ಆಸುಪಾಸು. ಒಂದೇ ಬದಿಯ ಶಾಕ್ ಬದಲಿಸಿದ ಗಾಡಿ ಐದಾರು ಮಿ.ಮೀ. ವಾಲಿದರೆ ಕಾರಣ ಇಷ್ಟೇ. ಅದಕ್ಕೇ ಜೋಡಿಯಾಗಿ ಬದಲಿಸಬೇಕು ಎನ್ನುವುದು. ವ್ಯತ್ಯಾಸ 15-20 ಮಿ.ಮೀ. ಇದ್ದರೆ ಶಾಕನ್ನು ಬಿಟ್ಟು ಬೇರೆ ಕಡೆ ನೋಡಿ.

ಮೊದಲು ಅಳತೆ, ಆಮೇಲೆ ಸ್ಪ್ಯಾನರ್

ಕಣ್ಣಂದಾಜು ಇಲ್ಲಿ ನಡೆಯುವುದಿಲ್ಲ. ಮೊದಲು ಗಾಡಿಯನ್ನು ಅಳತೆಗೆ ತಯಾರು ಮಾಡಿಕೊಳ್ಳಿ. ನಾಲ್ಕೂ ಟೈರಿಗೆ ಬಾಗಿಲ ಬಳಿಯ ಸ್ಟಿಕ್ಕರಿನಲ್ಲಿ ಬರೆದಷ್ಟೇ ಗಾಳಿ ತುಂಬಿಸಿ. ಡಿಕ್ಕಿ ಖಾಲಿ ಮಾಡಿ, ಸ್ಟೆಪ್ನಿ ತನ್ನ ಜಾಗದಲ್ಲೇ ಇರಲಿ. ಒಳಗೆ ಯಾರೂ ಕೂತಿರಬಾರದು. ಟ್ಯಾಂಕಿನಲ್ಲಿ ಎಷ್ಟು ಪೆಟ್ರೋಲ್ ಇದೆ ಎಂದು ಬರೆದಿಟ್ಟುಕೊಳ್ಳಿ: 37 ಲೀಟರ್ ಟ್ಯಾಂಕ್ ತುಂಬಿದ್ದರೆ ಸುಮಾರು 28 ಕೆ.ಜಿ., ಹಿಂಬದಿ ಎತ್ತರದಲ್ಲಿ ಕೆಲವು ಮಿ.ಮೀ. ಅದರದ್ದೇ ಇರುತ್ತದೆ.

ಜಾಕಿನಿಂದ ಇಳಿಸಿದ ಕೂಡಲೇ ಅಳೆಯಬೇಡಿ. ಚಕ್ರ ಗಾಳಿಯಲ್ಲಿ ನೇತಾಡುವಾಗ ಎಡಬಲ ಚಕ್ರಗಳ ನಡುವಿನ ಅಂತರ ಕಿರಿದಾಗಿರುತ್ತದೆ. ಇಳಿಸಿದಾಗ ಟೈರು ನೆಲ ಕಚ್ಚಿ ಹಿಡಿದುಕೊಂಡು ಅಗಲವಾಗಲು ಬಿಡುವುದಿಲ್ಲ, ಗಾಡಿ ಎತ್ತರದಲ್ಲೇ ನಿಲ್ಲುತ್ತದೆ. ಎಂಟು ಹತ್ತು ಮೀಟರ್ ಹಿಂದೆ ಮುಂದೆ ಓಡಿಸಿ, ನಾಲ್ಕೂ ಮೂಲೆಯಲ್ಲಿ ಬಾಡಿಯನ್ನು ಮೂರ್ನಾಲ್ಕು ಸಲ ಒತ್ತಿ ಬಿಡಿ. ಕೊನೆಗೆ ಬ್ರೇಕ್ ಒತ್ತದೆ ತಾನಾಗಿ ನಿಲ್ಲಲು ಬಿಡಿ.

ಇನ್ನು ನೆಲ. ಮಲೆನಾಡಿನಲ್ಲಿ ಮಟ್ಟಸ ಜಾಗ ಸಿಗುವುದೇ ಕಷ್ಟ. ಅಡಿಕೆ ಒಣಗಿಸುವ ಸಿಮೆಂಟ್ ಅಂಗಳ ಮಟ್ಟಸ ಎನಿಸಿದರೂ ನೀರು ಹರಿದು ಹೋಗಲೆಂದು ಅದಕ್ಕೆ ವಾಟ ಕೊಟ್ಟಿರುತ್ತಾರೆ. ಅಂಗಳ ಇಡೀ ಒಂದೇ ಕಡೆಗೆ ಸ್ವಲ್ಪ ವಾಟ ಇದ್ದರೆ ತೊಂದರೆಯೇನಿಲ್ಲ, ಅಳತೆ ಒಂದೆರಡು ಮಿ.ಮೀ. ಮಾತ್ರ ಬದಲಾಗುತ್ತದೆ. ಕೆಡಿಸುವುದು ತಿರುಚು, ಅಂದರೆ ಒಂದು ಟೈರು ಮಾತ್ರ ತಗ್ಗಿನಲ್ಲಿ ನಿಲ್ಲುವುದು. ಒಂದು ಟೈರು 20 ಮಿ.ಮೀ. ತಗ್ಗಿನಲ್ಲಿದ್ದರೆ ಎಡಬಲದ ಅಳತೆಯಲ್ಲಿ ಸುಮಾರು 10 ಮಿ.ಮೀ. ಹುಸಿ ವ್ಯತ್ಯಾಸ ಬರುತ್ತದೆ. ಗಾರೆ ಕೆಲಸದವರ ನೀರಿನ ಲೆವಲ್ ಪೈಪ್ ಇದ್ದರೆ ನಾಲ್ಕು ಟೈರು ನಿಲ್ಲುವ ಜಾಗದ ಎತ್ತರ ಗುರುತು ಹಾಕಿಕೊಳ್ಳಿ. ಮುಂದಿನ ಎಡ ಮತ್ತು ಹಿಂದಿನ ಬಲದ ಮೊತ್ತ, ಮುಂದಿನ ಬಲ ಮತ್ತು ಹಿಂದಿನ ಎಡದ ಮೊತ್ತ, ಎರಡೂ ಒಂದೇ ಬಂದರೆ ತಿರುಚು ಇಲ್ಲ. ಪೈಪ್ ಇಲ್ಲದವರಿಗೆ ಇನ್ನೊಂದು ದಾರಿ: ಅಳೆದಾದ ಮೇಲೆ ಗಾಡಿಯನ್ನು ಬೇರೆ ಒಂದೆರಡು ಜಾಗದಲ್ಲಿ ನಿಲ್ಲಿಸಿ ಮತ್ತೆ ಅಳೆಯಿರಿ (ಅದೇ ಜಾಗದಲ್ಲಿ ಹಿಂದುಮುಂದಾಗಿ ತಿರುಗಿಸಿದರೆ ತಿರುಚು ಗೊತ್ತಾಗುವುದಿಲ್ಲ). ಎಲ್ಲ ಕಡೆಯೂ ವಾಲಿಕೆ ಅಷ್ಟೇ ಬಂದರೆ ಅದು ಗಾಡಿಯದ್ದು. ಜಾಗ ಬದಲಾದಂತೆ ಬದಲಾದರೆ ಅಂಗಳದ್ದು.

ಅಳತೆ ಹಿಡಿಯಬೇಕಾದದ್ದು ಚಕ್ರದ ಹಬ್ಬಿನ ನಡುವಿನಿಂದ ನೇರ ಮೇಲೆ ಫೆಂಡರ್ ಅಂಚಿನವರೆಗೆ. ನೆಲದಿಂದ ಅಳೆದರೆ ಟೈರಿನ ಲೆಕ್ಕವೂ ಸೇರಿಕೊಳ್ಳುತ್ತದೆ: ಹೊಸ ಟೈರಿನ ಹಲ್ಲು 8 ಮಿ.ಮೀ., ಸವೆದದ್ದರಲ್ಲಿ 2 ಉಳಿದಿದ್ದರೆ ಅಲ್ಲೇ 6 ಮಿ.ಮೀ. ಹೋಯಿತು. 165/80 ಆರ್14 ಬದಲು 185/65 ಆರ್14 ಹಾಕಿಸಿದವರ ಗಾಡಿ ಸಸ್ಪೆನ್ಷನ್ ಮುಟ್ಟದೆಯೇ ಹತ್ತಿರ ಹತ್ತಿರ 12 ಮಿ.ಮೀ. ತಗ್ಗುತ್ತದೆ. ಹಬ್ಬಿನಿಂದ ಅಳೆದರೆ ಈ ಗೊಂದಲವಿಲ್ಲ. ಒಂದು ಎಚ್ಚರಿಕೆ: ಹಿಂದೆ ಎಲ್ಲಾದರೂ ಗುದ್ದಿ ಟಿಂಕರಿಂಗ್ ಆದ ಗಾಡಿಯ ಫೆಂಡರ್ ನಂಬಬೇಡಿ. ಅಂಥದ್ದರಲ್ಲಿ ಬಾಗಿಲ ಕೆಳಗಿನ ಜಾಕ್ ಕೊಡುವ ಅಂಚಿನಿಂದ ನೆಲಕ್ಕೂ ಒಂದು ಅಳತೆ ತೆಗೆದು ತಾಳೆ ನೋಡಿ.

ಎಡಬಲದ ವ್ಯತ್ಯಾಸ 10 ಮಿ.ಮೀ. ಒಳಗಿದ್ದರೆ ಸಾಮಾನ್ಯವಾಗಿ ಬಿಟ್ಟುಬಿಡಬಹುದು, 15 ದಾಟಿದರೆ ಹುಡುಕಲೇಬೇಕು. ಮುಂದೆ ಎರಡೂ ಸ್ಪ್ರಿಂಗ್ ಹೊಸದು ಹಾಕಿ ಮುಂಭಾಗ ಸಮನಾಗಿ 15-20 ಮಿ.ಮೀ. ಎದ್ದಿದ್ದರೆ ಗಾಬರಿ ಬೇಡ, ಹಳೆಯ ಸ್ಪ್ರಿಂಗ್ ಅಷ್ಟು ಕುಸಿದಿತ್ತು ಎಂದೂ ಆಗಿರಬಹುದು. ಸರ್ವಿಸ್ ಮ್ಯಾನ್ಯುಯಲ್ಲಿನ ಅಳತೆ, ಇಲ್ಲವೇ ಅದೇ ಮಾದರಿಯ ಚೆನ್ನಾಗಿರುವ ಇನ್ನೊಂದು ಗಾಡಿಯ ಅಳತೆ ನೋಡಿ ತೀರ್ಮಾನಿಸಿ.

ತಗ್ಗಿದ ಮೂಲೆಯೇ ಅಪರಾಧಿಯಲ್ಲ

ಇಲ್ಲಿ ಎಡವುವವರೇ ಹೆಚ್ಚು. ನಾಲ್ಕು ಕಾಲಿನ ಮೇಜಿಗೆ ಒಂದು ಕಾಲು ಉದ್ದವಾದರೆ ಕರ್ಣದ ಆಚೆ ತುದಿಯೂ ಲೆಕ್ಕಕ್ಕೆ ಬರುತ್ತದಲ್ಲ, ಗಾಡಿಯದ್ದೂ ಅದೇ ಕಥೆ. ನಾಲ್ಕೂ ಸ್ಪ್ರಿಂಗ್ ಒಂದೇ ಬಿಗಿಯವು ಎಂದು ಹಿಡಿದು, ಮುಂದಿನ ಎಡಕ್ಕೆ ಮಾತ್ರ 20 ಮಿ.ಮೀ. ಹೆಚ್ಚು ಎತ್ತರ ಕೊಟ್ಟರೆ ಏನಾಗುತ್ತದೆ ನೋಡಿ: ಮುಂದಿನ ಎಡ 15 ಮಿ.ಮೀ. ಏಳುತ್ತದೆ, ಮುಂದಿನ ಬಲ 5, ಹಿಂದಿನ ಎಡ 5 ಏಳುತ್ತವೆ, ಹಿಂದಿನ ಬಲ 5 ಮಿ.ಮೀ. ಇಳಿಯುತ್ತದೆ. ಮುಂದೆಯೂ ಎಡಬಲ ವ್ಯತ್ಯಾಸ 10, ಹಿಂದೆಯೂ 10. ಟೇಪ್ ಮಾತ್ರ ನೋಡಿದವನಿಗೆ ದೋಷ ಮುಂದಿನದ್ದೋ ಹಿಂದಿನದ್ದೋ ಗೊತ್ತೇ ಆಗುವುದಿಲ್ಲ. ತಗ್ಗಿದ ಹಿಂದಿನ ಬಲದ ಸ್ಪ್ರಿಂಗ್ ಬಿಚ್ಚಿ ದುಡ್ಡು ಕಳೆಯುವುದು ಹೀಗೆಯೇ.

ಬಿಡಿಸಿ ನೋಡುವ ಉಪಾಯ ಸರಳ. ಹಿಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಟ್ಟು, ಟ್ರಾಲಿ ಜಾಕಿನ ತಲೆಗೆ ಮರದ ತುಂಡು ಇಟ್ಟು, ಮುಂದಿನ ಕ್ರಾಸ್ ಮೆಂಬರಿನ (ಎಂಜಿನ್ ಕೆಳಗಿನ ಅಡ್ಡಪಟ್ಟಿ) ಸರಿ ನಡುವಿಗೆ ಕೊಟ್ಟು, ಮುಂದಿನ ಎರಡೂ ಟೈರು ನೆಲ ಬಿಡುವಷ್ಟು ಮಾತ್ರ ಎತ್ತಿ. ಆ ಜಾಗದಲ್ಲಿ ಜಾಕ್ ಕೊಡಬಹುದೆಂದು ಮ್ಯಾನ್ಯುಯಲ್ ಹೇಳಿರಬೇಕು. ಗಾಡಿಯ ಕೆಳಗೆ ಯಾರೂ ತೂರಬಾರದು. ಈಗ ಮುಂಭಾಗ ಒಂದೇ ಬಿಂದುವಿನ ಮೇಲಿದೆ, ಎಡಬಲದ ಮೇಲೆ ಅದರ ಹಿಡಿತ ತಪ್ಪಿದೆ. ಹಿಂದಿನ ಎರಡು ಮೂಲೆ ಅಳೆಯಿರಿ. ವಾಲಿಕೆ ಮಾಯವಾದರೆ ದೋಷ ಮುಂದಿನ ಸಸ್ಪೆನ್ಷನ್ನಿನದ್ದು. ಹಾಗೇ ಉಳಿದರೆ ಅಥವಾ ಇನ್ನೂ ಹೆಚ್ಚಾದರೆ ಹಿಂದಿನದ್ದು. ಹಿಂಭಾಗ ಎತ್ತಿ ಮುಂದಿನದನ್ನು ನೋಡಲೂಬಹುದು, ಆದರೆ ಸ್ವಿಫ್ಟ್ ತರಹದ ಗಾಡಿಯ ಹಿಂದಿನ ಟಾರ್ಷನ್ ಬೀಮಿನ (ಹಿಂದಿನ ಎರಡು ಚಕ್ರ ಸೇರಿಸುವ ಅಡ್ಡತೊಲೆ) ನಡುವಿಗೆ ಜಾಕ್ ಕೊಡಬೇಡಿ, ಬಗ್ಗಿಹೋಗುತ್ತದೆ.

ಮುಂಭಾಗ ಎಂದು ಖಚಿತವಾದರೆ ಸ್ಟೆಬಿಲೈಜರ್ ಬಾರಿನ (ಎಡಬಲ ಸಸ್ಪೆನ್ಷನ್ ಸೇರಿಸುವ ಕಬ್ಬಿಣದ ಸರಳು) ತುದಿಯ ಒಂದು ಲಿಂಕ್ ರಾಡ್ ಬಿಚ್ಚಿ ಮತ್ತೊಮ್ಮೆ ಅಳೆಯಿರಿ. ಬಾರು ಎರಡೂ ಬದಿಯನ್ನು ಸಮ ಮಾಡಲು ಎಳೆಯುತ್ತಿರುತ್ತದೆ, ನಿಜವಾದ ವ್ಯತ್ಯಾಸವನ್ನು ಮುಚ್ಚಿಡುತ್ತದೆ. ಲಿಂಕ್ ಬಿಚ್ಚಿದಾಗ ವಾಲಿಕೆ ಹೋಯಿತು ಎಂದರೆ ಎಡಬಲಕ್ಕೆ ಬೇರೆ ಬೇರೆ ಉದ್ದದ ಲಿಂಕ್ ಬಿದ್ದಿದೆ, ಇಲ್ಲವೇ ಬಾರೇ ಬಗ್ಗಿದೆ. ಹಾಗೆ ಆಗುವುದು ಅಪರೂಪ. ಆದರೆ ಎರಡು ಲಿಂಕನ್ನು ಪಕ್ಕಪಕ್ಕ ಇಟ್ಟು ನೋಡಲು ಒಂದು ನಿಮಿಷ ಸಾಕು.

ಚಕ್ರ ನೇತಾಡುವಾಗ ಬಿಗಿದ ಬುಷ್

ಹೊಸದಾಗಿ ಕೆಲಸವಾದ ಗಾಡಿ ಎತ್ತರ ನಿಂತಿದ್ದರೆ ನಾವು ಮೊದಲು ಕೈ ಹಾಕುವುದು ಇಲ್ಲಿಗೆ. ಲೋವರ್ ಆರ್ಮಿನ ಬುಷ್ಷಿನಲ್ಲಿ ಹೊರಗೊಂದು, ಒಳಗೊಂದು ಕಬ್ಬಿಣದ ಬಳೆ ಇರುತ್ತದೆ, ನಡುವೆ ಎರಡಕ್ಕೂ ಅಂಟಿದ ರಬ್ಬರ್. ಬೋಲ್ಟ್ ಬಿಗಿದಾಗ ಒಳಬಳೆ ಬಾಡಿಗೆ ಕಚ್ಚಿಕೊಳ್ಳುತ್ತದೆ. ಆಮೇಲೆ ಆರ್ಮ್ ಮೇಲೆ ಕೆಳಗೆ ಆಡುವಾಗ ಅದು ಜಾರುವುದಿಲ್ಲ, ರಬ್ಬರ್ ತಿರುಚಿಕೊಳ್ಳುತ್ತದೆ. ಗಾಡಿ ಜಾಕಿನ ಮೇಲಿದ್ದು ಚಕ್ರ ನೇತಾಡುವಾಗಲೇ ಬಿಗಿದರೆ ಆ ನೇತಾಡುವ ಸ್ಥಿತಿಯೇ ರಬ್ಬರಿನ ವಿಶ್ರಾಂತಿಯಾಗುತ್ತದೆ. ಕೆಳಗಿಳಿಸಿದಾಗ ರಬ್ಬರ್ ತಾನೇ ಒಂದು ಸ್ಪ್ರಿಂಗ್ ಆಗಿ ಗಾಡಿಯನ್ನು ಮೇಲಕ್ಕೆ ಹಿಡಿದಿರುತ್ತದೆ.

ಎಷ್ಟು ತಿರುಚು? ಆರ್ಮ್ 350 ಮಿ.ಮೀ. ಉದ್ದವಿದ್ದು ಚಕ್ರ ನಿಂತ ಎತ್ತರಕ್ಕಿಂತ 80 ಮಿ.ಮೀ. ಕೆಳಗೆ ನೇತಾಡಿದರೆ ಕೋನ ಸುಮಾರು 13 ಡಿಗ್ರಿ. ಗಾಡಿ ಸುಮ್ಮನೆ ನಿಂತಾಗಲೇ ರಬ್ಬರ್ 13 ಡಿಗ್ರಿ ತಿರುಚಿರುತ್ತದೆ, ಗುಂಡಿಗೆ ಬಿದ್ದು ಚಕ್ರ ಇನ್ನೊಂದು 80 ಮಿ.ಮೀ. ಮೇಲೆ ಹೋದರೆ 26. ಸರಿಯಾಗಿ ಬಿಗಿದಿದ್ದರೆ ಆಚೆಗೆ 13, ಈಚೆಗೆ 13 ಮಾತ್ರ. ಹೊಸ ಬುಷ್ ಒಂದು ಮಳೆಗಾಲಕ್ಕೇ ಹರಿದರೆ “ಮಾಲು ಚೆನ್ನಾಗಿಲ್ಲ” ಎಂದು ಅಂಗಡಿಯವರನ್ನು ಬೈಯುವ ಮೊದಲು ಬಿಗಿದ ರೀತಿ ವಿಚಾರಿಸಬೇಕು.

ಪರೀಕ್ಷೆ ಹೀಗೆ. ಗಾಡಿ ತನ್ನ ಚಕ್ರದ ಮೇಲೇ ನಿಂತಿರಲಿ, ಕೆಳಗಿಳಿದು ಕೆಲಸ ಮಾಡುವ ಗುಂಡಿ ಅಥವಾ ರ‍್ಯಾಂಪ್ ಇರುವ ಗ್ಯಾರೇಜಾದರೆ ಒಳ್ಳೆಯದು. ಬಿಳಿ ಮಾರ್ಕರಿನಿಂದ ಒಳಬಳೆಯ ಅಂಚಿನ ಮೇಲೂ ಅದು ಕಚ್ಚಿಕೊಂಡ ಬ್ರ್ಯಾಕೆಟ್ಟಿನ ಮೇಲೂ ಸೇರುವಂತೆ ಒಂದೇ ಗೆರೆ ಎಳೆಯಿರಿ. ಬೋಲ್ಟನ್ನು ಪೂರ್ತಿ ತೆಗೆಯದೆ ಒಂದೆರಡು ಸುತ್ತು ಸಡಿಲಿಸಿ. ತಿರುಚಿದ ಬುಷ್ ಆದರೆ “ಟಕ್” ಎಂದು ಸದ್ದಾಗಿ ಗೆರೆ ಎರಡು ತುಂಡಾಗಿ ಸರಿದು ನಿಲ್ಲುತ್ತದೆ, ಟೇಪ್ ಹಿಡಿದರೆ ಎತ್ತರ ಇಳಿದಿರುತ್ತದೆ. ಗೆರೆ ಅಲುಗದಿದ್ದರೆ ಆ ಬುಷ್ ನಿರಪರಾಧಿ, ಮುಂದಿನದಕ್ಕೆ ಹೋಗಿ. ಎಲ್ಲ ಸಡಿಲಿಸಿ ಬಾಡಿಯನ್ನು ನಾಲ್ಕಾರು ಸಲ ಕುಲುಕಿ, ಚಕ್ರದ ಮೇಲೆ ನಿಂತ ಸ್ಥಿತಿಯಲ್ಲೇ ಮ್ಯಾನ್ಯುಯಲ್ ಹೇಳಿದ ಟಾರ್ಕಿಗೆ (ಬೋಲ್ಟ್ ಬಿಗಿಯುವ ಬಲದ ಅಳತೆ) ಬಿಗಿಯಿರಿ.

ಗುಂಡಿಯೂ ಇಲ್ಲ, ರ‍್ಯಾಂಪೂ ಇಲ್ಲ ಎಂದಾದರೆ ಬಾಡಿಯನ್ನು ಸ್ಟ್ಯಾಂಡಿನ ಮೇಲೆ ಕೂರಿಸಿ, ಇನ್ನೊಂದು ಜಾಕನ್ನು ಬಾಲ್ ಜಾಯಿಂಟಿನ (ಆರ್ಮಿನ ಹೊರತುದಿಯ ಗುಂಡುಕೀಲು) ಕೆಳಗೆ ಕೊಟ್ಟು, ಹಬ್ಬಿನಿಂದ ಫೆಂಡರಿಗಿರುವ ಅಳತೆ ಸರಿಯಾದ ಸಂಖ್ಯೆಗೆ ಬರುವವರೆಗೆ ಎತ್ತಿ ಬಿಗಿಯಿರಿ. ಆ ಹೊತ್ತಿಗೆ ಬಾಡಿ ಸ್ಟ್ಯಾಂಡಿನಿಂದ ಏಳುವ ಅಂಚಿನಲ್ಲಿರುತ್ತದೆ, ಅಲ್ಲಿಂದ ಮುಂದೆ ಎತ್ತಬೇಡಿ.

ಈ ನಿಯಮ ಲೋವರ್ ಆರ್ಮಿಗೆ ಮಾತ್ರವಲ್ಲ. ಹಿಂದಿನ ಟ್ರೇಲಿಂಗ್ ಆರ್ಮ್, ಟಾರ್ಷನ್ ಬೀಮಿನ ಎರಡು ಪಿವಟ್ ಬೋಲ್ಟ್, ಆಕ್ಸಲನ್ನು ಅಡ್ಡಡ್ಡ ಹಿಡಿಯುವ ರಾಡ್, ಹಿಂದಿನ ಶಾಕಿನ ಕೆಳಗಿನ ಕಣ್ಣು, ಎಲ್ಲಕ್ಕೂ ಅನ್ವಯ. ಬಾಲ್ ಜಾಯಿಂಟ್, ಟೈ ರಾಡ್, ಬಾಲ್ ಇರುವ ಲಿಂಕ್ ರಾಡ್, ಸ್ಟ್ರಟ್ಟನ್ನು (ಸ್ಪ್ರಿಂಗ್ ಹೊತ್ತ ಮುಂದಿನ ಶಾಕ್) ಹಬ್ ಹಿಡಿದಿರುವ ನಕಲ್ (knuckle) ತುಂಡಿಗೆ ಹಿಡಿಯುವ ಎರಡು ಬೋಲ್ಟ್, ಇವನ್ನು ಯಾವ ಸ್ಥಿತಿಯಲ್ಲಿ ಬಿಗಿದರೂ ನಡೆಯುತ್ತದೆ. ಪ್ರೆಸ್ ಮಾಡಿ ಕೂರಿಸುವ ಕೆಲವು ಬುಷ್ಷಿನ ಮೇಲೆ ಬಾಣದ ಗುರುತು ಇರುತ್ತದೆ, ರಬ್ಬರಿನಲ್ಲಿ ಕಿಂಡಿಗಳಿರುತ್ತವೆ. ಅದನ್ನು ಬಂದ ದಿಕ್ಕಿಗೆ ಒತ್ತಿಬಿಟ್ಟರೆ ಮೇಲೆ ಹೇಳಿದ್ದೆಲ್ಲ ಸರಿಯಾಗಿದ್ದರೂ ಬುಷ್ ಬಾಳುವುದಿಲ್ಲ.

ಸ್ಪ್ರಿಂಗ್ ಬಿಚ್ಚಬೇಕಾಗಿ ಬಂದರೆ

ಬಿಚ್ಚುವ ಮೊದಲು ಟಾರ್ಚ್ ಹಿಡಿದು ನೋಡಿ. ಸ್ಪ್ರಿಂಗಿನ ತುದಿ ಕೆಳಗಿನ ತಟ್ಟೆಯ ಮೆಟ್ಟಿಲಿಗೆ ತಾಗುವಂತೆ ಕೂತಿರಬೇಕು, ನಡುವೆ ಅಂತರ ಇದ್ದರೂ 10 ಮಿ.ಮೀ. ಒಳಗಿರಬೇಕು. ತುದಿ ಮೆಟ್ಟಿಲು ಹತ್ತಿ ಕೂತಿದ್ದರೆ ಆ ಬದಿ ಎತ್ತರ, ಜೊತೆಗೆ ನಿಂತಲ್ಲೇ ಸ್ಟಿಯರಿಂಗ್ ತಿರುಗಿಸಿದರೆ “ಟಂಗ್” ಎಂದು ಸ್ಪ್ರಿಂಗ್ ಜಿಗಿಯುವ ಸದ್ದು. ಮೇಲಿನ ಬೇರಿಂಗ್ ತಲೆಕೆಳಗಾಗಿ ಕೂತಿದ್ದರೂ ಇದೇ ಸದ್ದು ಬರುತ್ತದೆ. ಮೇಲೆ ಕೆಳಗೆ ಇರುವ ರಬ್ಬರ್ ಸೀಟ್ ಹಳೆಯದರ ಜೊತೆ ಕಸಕ್ಕೆ ಹೋಗಿದ್ದರೆ ಅದರ ದಪ್ಪದಷ್ಟೇ ಗಾಡಿ ತಗ್ಗುತ್ತದೆ. ನಮ್ಮ ಕಡೆ ಇನ್ನೊಂದು: ಕೆಳ ತಟ್ಟೆಯಲ್ಲಿ ಕೆಮ್ಮಣ್ಣು ತುಂಬಿ ನೀರು ಹೋಗುವ ತೂತು ಮುಚ್ಚಿ, ಸ್ಪ್ರಿಂಗಿನ ಕೊನೆಯ ಸುತ್ತು ತುಕ್ಕು ಹಿಡಿದು ತುಂಡಾಗಿರುತ್ತದೆ. ತುಂಡು ತಟ್ಟೆಯಲ್ಲೇ ಮಣ್ಣಿನಡಿ ಕೂತಿರುವುದರಿಂದ ಕಣ್ಣಿಗೆ ಬೀಳುವುದಿಲ್ಲ. ನೀರು ಹೊಡೆದು ತೊಳೆದೇ ನೋಡಬೇಕು.

ಕೆಟ್ಟ ರಸ್ತೆಗೆಂದು ಸ್ಪ್ರಿಂಗಿನ ಸುತ್ತುಗಳ ನಡುವೆ ರಬ್ಬರ್ ಬಫರ್ ಸಿಕ್ಕಿಸುವ ರೂಢಿಯಿದೆ. ಕೆಲಸದ ನಂತರ ಒಂದು ಬದಿಗೆ ಮರೆತರೆ ಅಥವಾ ಬೇರೆ ಸುತ್ತಿಗೆ ಹಾಕಿದರೆ ವಾಲುತ್ತದೆ. ಎರಡೂ ತೆಗೆದು ಅಳೆಯಿರಿ.

ಬಿಚ್ಚುವಾಗ ಸ್ಪ್ರಿಂಗ್ ಕುಗ್ಗಿಸುವ ಎರಡು ಕಂಪ್ರೆಸರನ್ನು ಎದುರುಬದುರು ಹಾಕಿ, ಸ್ಪ್ರಿಂಗ್ ತಟ್ಟೆಯಿಂದ ಸಡಿಲವಾಗಿ ಅಲುಗುವಷ್ಟು ಕುಗ್ಗಿಸಿದ ಮೇಲೆಯೇ ಸ್ಟ್ರಟ್ಟಿನ ಮೇಲಿನ ನಟ್‌ಗೆ ಸ್ಪ್ಯಾನರ್ ಕೊಡಿ. ಅದಕ್ಕೂ ಮೊದಲು ಆ ನಟ್ ತೆಗೆದರೆ ಸ್ಪ್ರಿಂಗ್ ಹಾರಿ ಜೀವ ತೆಗೆಯಬಹುದು. ಗ್ಯಾರೇಜಿಗೆ ಒಯ್ಯುವುದು ವಾಸಿ.

ಹೊರಬಂದ ಸ್ಪ್ರಿಂಗುಗಳನ್ನು ಮಟ್ಟಸ ನೆಲದಲ್ಲಿ ಪಕ್ಕಪಕ್ಕ ನಿಲ್ಲಿಸಿ ಉದ್ದ, ಸುತ್ತುಗಳ ಲೆಕ್ಕ, ಬಣ್ಣದ ಗುರುತು ಹೋಲಿಸಿ. ಆಮೇಲೆ ವರ್ನಿಯರಿನಿಂದ ತಂತಿಯ ದಪ್ಪ. ಇದನ್ನು ಯಾರೂ ಅಳೆಯುವುದಿಲ್ಲ, ಗುಟ್ಟು ಇರುವುದು ಮಾತ್ರ ಇಲ್ಲೇ. ಸ್ಪ್ರಿಂಗಿನ ಬಿಗಿ ತಂತಿಯ ದಪ್ಪದ ನಾಲ್ಕನೆಯ ಘಾತದಂತೆ ಏರುತ್ತದೆ. 11 ಮಿ.ಮೀ. ಬದಲು 11.5 ಮಿ.ಮೀ. ತಂತಿ ಎಂದರೆ ಅರ್ಧ ಮಿ.ಮೀ.ಗೆ ಬಿಗಿ ಸುಮಾರು 20 ಶೇಕಡಾ ಹೆಚ್ಚಾಯಿತು. ಒಂದು ಮೂಲೆಯ ಮೇಲೆ 240 ಕೆ.ಜಿ. ಇದ್ದರೆ ಮಿ.ಮೀ.ಗೆ 2 ಕೆ.ಜಿ.ಯ ಸ್ಪ್ರಿಂಗ್ 120 ಮಿ.ಮೀ. ಕುಗ್ಗುತ್ತದೆ, ಈ ದಪ್ಪ ತಂತಿಯದ್ದು 100 ಮಾತ್ರ. ಉದ್ದ ಒಂದೇ ಇದ್ದರೂ ಗಾಡಿ 20 ಮಿ.ಮೀ. ಎತ್ತರ. ಡೀಸೆಲ್ ಎಂಜಿನ್ ಭಾರ ಜಾಸ್ತಿ, ಅದರ ಸ್ಪ್ರಿಂಗ್ ಪೆಟ್ರೋಲ್ ಗಾಡಿಗೆ ಬಿದ್ದರೆ ಮೂತಿ ಎತ್ತುವುದು ಹೀಗೆ, ತಿರುಗುಮುರುಗಾದರೆ ತಗ್ಗುತ್ತದೆ. ಆಟೊಮೊಬೈಲ್ ಅಂಗಡಿಯಲ್ಲಿ ಗಾಡಿ ಹೆಸರು ಮಾತ್ರ ಹೇಳಿ ಸ್ಪ್ರಿಂಗ್ ತರಬೇಡಿ. ವರ್ಷ, ಎಂಜಿನ್, ಚಾಸಿ ನಂಬರ್ ಕೊಟ್ಟು ಪಾರ್ಟ್ ನಂಬರ್ ತಾಳೆ ನೋಡಿ ತನ್ನಿ. ಸ್ಟ್ರಟ್ಟಿಗೂ ಇದೇ ಮಾತು, ಮಾದರಿ ಬದಲಾದರೆ ಸ್ಪ್ರಿಂಗ್ ಕೂರುವ ತಟ್ಟೆಯ ಎತ್ತರವೂ ಬದಲಾಗಿರಬಹುದು.

ಎಲ್ಲ ಒಂದೇ ಕಂಡರೂ ವಾಲಿಕೆ ಇದ್ದರೆ ಎಡದ ಸ್ಪ್ರಿಂಗ್ ಬಲಕ್ಕೆ, ಬಲದ್ದು ಎಡಕ್ಕೆ ಹಾಕಿ. ವಾಲಿಕೆ ಜೊತೆಗೇ ಬದಿ ಬದಲಿಸಿದರೆ ಸ್ಪ್ರಿಂಗಿನ ದೋಷ. ಅಲ್ಲೇ ಉಳಿದರೆ ಸ್ಟ್ರಟ್ ತಟ್ಟೆ, ಮೇಲಿನ ಮೌಂಟ್ ಅಥವಾ ಬಾಡಿ. ಎಡಬಲಕ್ಕೆ ಬೇರೆ ಪಾರ್ಟ್ ನಂಬರ್ ಇರುವ ಗಾಡಿಯಲ್ಲಿ ಈ ಪರೀಕ್ಷೆ ಮಾಡಬೇಡಿ.

ತಗ್ಗಿದ ಕಡೆ ರಬ್ಬರ್ ತುಂಡು ಅಥವಾ ವಾಷರ್ ಕೊಟ್ಟು ಎತ್ತುವ ಕೈಚಳಕ ನಮಗೆ ಒಪ್ಪಿಗೆಯಿಲ್ಲ. ಕಾರಣ ಗೊತ್ತಿಲ್ಲದೆ ಎತ್ತಿದರೆ ತುಂಡಾದ ಸ್ಪ್ರಿಂಗ್ ತುಂಡಾಗಿಯೇ ಉಳಿಯುತ್ತದೆ.

ಪ್ಲೇಟ್ ಗಾಡಿಗಳು

ಬೊಲೆರೊ, ಓಮ್ನಿಯಂಥ ಗಾಡಿಯ ಹಿಂಬದಿ ಪ್ಲೇಟ್ ಸ್ಪ್ರಿಂಗಿನದ್ದು. ನೋಡಬೇಕಾದ್ದು ಮೂರು. ನಡುವಿನ ಬೋಲ್ಟಿನ ತಲೆ ಆಕ್ಸಲ್ ಮೇಲಿನ ತೂತಿನಲ್ಲಿ ಸರಿಯಾಗಿ ಕೂತಿದೆಯೇ. ಎರಡೂ ಬದಿಗೆ ಪ್ಲೇಟುಗಳ ಸಂಖ್ಯೆ, ದಪ್ಪ ಒಂದೇ ಇದೆಯೇ. ಪ್ಲೇಟಿನ ತುದಿಯ ಕಣ್ಣು ಮತ್ತು ಶ್ಯಾಕಲ್ (ಅದನ್ನು ಚಾಸಿಗೆ ತೂಗುಹಾಕುವ ಕೊಂಡಿ) ಬೋಲ್ಟನ್ನು ಭಾರ ಬಿದ್ದ ಮೇಲೆ ಬಿಗಿದಿದ್ದಾರೆಯೇ. ಅಡಿಕೆ ಮೂಟೆ ಹೇರಲೆಂದು ಒಂದು ಪ್ಲೇಟ್ ಹೆಚ್ಚು ಹಾಕಿಸಿದ್ದರೆ ಖಾಲಿ ಗಾಡಿ ಹಿಂದೆ ಎತ್ತಿ ನಿಲ್ಲುವುದು ಸಹಜ, ಅದಕ್ಕೆ ಮದ್ದಿಲ್ಲ. ಯು ಬೋಲ್ಟುಗಳನ್ನು ಸುಮಾರು 500 ಕಿ.ಮೀ. ಓಡಿದ ಮೇಲೆ ಮತ್ತೆ ಟಾರ್ಕ್ ಮಾಡಿಸಿ.

ಎತ್ತರ ಸರಿಯಾದ ಮೇಲೆ

ವೀಲ್ ಅಲೈನ್‌ಮೆಂಟ್ ಕೊನೆಯ ಕೆಲಸ. ಎತ್ತರ ಬದಲಾದರೆ ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಗೋ ಹೊರಗೋ ತಿರುಗಿರುವುದು), ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರದ ವಾಲಿಕೆ) ಎರಡೂ ಬದಲಾಗುತ್ತವೆ, ಮೊದಲೇ ಮಾಡಿಸಿದರೆ ಆ ದುಡ್ಡು ದಂಡ. ಹೆಡ್‌ಲೈಟಿನ ಬೆಳಕು ಗೋಡೆಗೆ ಹಿಡಿದು ಇಳಿಸಿಕೊಳ್ಳಿ. ಮೂತಿ ಸ್ವಲ್ಪ ಎದ್ದರೂ ಆಗುಂಬೆಯ ತಿರುವುಗಳಲ್ಲಿ ಎದುರಿನವನ ಕಣ್ಣಿಗೇ ಬೆಳಕು.

ಎಬಿಎಸ್ ಇಲ್ಲದ ಹಳೆಯ ಗಾಡಿಗಳ ಹಿಂದಿನ ಆಕ್ಸಲ್ಲಿಗೆ ಒಂದು ಸಣ್ಣ ಕಡ್ಡಿಯಿಂದ ಸೇರಿಸಿದ ಲೋಡ್ ಸೆನ್ಸಿಂಗ್ ವಾಲ್ವ್ ಇದೆಯೇ ನೋಡಿ. ಬಾಡಿ ಎಷ್ಟು ತಗ್ಗಿದೆ ಎಂಬುದರ ಮೇಲೆ ಅದು ಹಿಂದಿನ ಬ್ರೇಕಿಗೆ ಒತ್ತಡ ಬಿಡುತ್ತದೆ. ಹಿಂಭಾಗ ಎತ್ತರವಾದರೆ ಗಾಡಿ ಖಾಲಿ ಎಂದು ತಿಳಿದು ಒತ್ತಡ ಕಡಿಮೆ ಮಾಡುತ್ತದೆ. ತುಂಬಿದ ಗಾಡಿ ಹುಲಿಕಲ್ ಘಾಟಿ ಇಳಿಯುವಾಗ ಹಿಂದಿನ ಬ್ರೇಕ್ ಸೋಮಾರಿಯಾಗಿ, ಇಡೀ ಕೆಲಸ ಮುಂದಿನ ಪ್ಯಾಡುಗಳ ಮೇಲೆ ಬಿದ್ದು ಅವು ಕಾಯುತ್ತವೆ. ಹೊಸ ಸ್ಪ್ರಿಂಗ್ ಅಥವಾ ಹೆಚ್ಚುವರಿ ಪ್ಲೇಟ್ ಹಾಕಿಸಿದ ದಿನವೇ ಈ ವಾಲ್ವಿನ ಸೆಟ್ಟಿಂಗ್ ನೋಡಿಸಿ, ನಾಲ್ಕು ಮೂಲೆಯ ಅಳತೆಯನ್ನು ತಾರೀಕು ಸಮೇತ ಸರ್ವಿಸ್ ಪುಸ್ತಕದಲ್ಲಿ ಬರೆದಿಡಿ.